ಹಿಂದಿನ ಅಚ್ಚಿಗೆ ಕಟ್ಟಿದ ಕರಿಹುರಿ

ಮಸ್ಕಿಯ ಮೇಸ್ತ್ರಿ ನನ್ನನ್ನು ಮೂರು ಸಲ ಹೊಡೆದಿದ್ದಾರೆ. ಮೊದಲನೆಯ ಏಟು ಕೆನ್ನೆಗೆ ಬಿತ್ತು, ಎರಡನೆಯದು ಬಾಯಿಗೆ. ಮೂರನೆಯದರ ಹೊತ್ತಿಗೆ ಅವರ ಬಲಗೈ ಕೆಲಸಕ್ಕೆ ಬಾರದಂತಾಗಿತ್ತು, ಎಡಗೈಯಲ್ಲೇ ಹೊಡೆದರು. ಹೋದ ತಿಂಗಳು ಅವರು ಲಿಂಗಸುಗೂರಿನಲ್ಲಿ ತೀರಿಕೊಂಡ ಸುದ್ದಿ ಬಂದಾಗ ನನ್ನ ಕೈ ತಾನಾಗಿ ಕೆನ್ನೆಗೆ ಹೋಯಿತು. ಮೊದಲೆರಡು ಏಟು ಅವರ ಸಿಟ್ಟಿನವು. ಮೂರನೆಯದಕ್ಕೆ ನಾನು ಲಾಯಕ್ಕಾಗಿದ್ದೆ.

ಮಸ್ಕಿ ದಾಟಿ ಲಿಂಗಸುಗೂರಿನ ಕಡೆ ಹೋಗುವ ರಸ್ತೆಯ ಪಕ್ಕ ಅವರ ತಗಡಿನ ಶೆಡ್ಡು ಇತ್ತು. ಬೋರ್ಡು ಇರಲಿಲ್ಲ. ಹೊಸ ಡ್ರೈವರುಗಳಿಗೆ ಗುರುತು ಹೇಳುವಾಗ, ಎಲ್ಲಿ ಬೈಗುಳ ಕೇಳಿಸುತ್ತದೋ ಅಲ್ಲಿ ಗಾಡಿ ನಿಲ್ಲಿಸು ಎನ್ನುತ್ತಿದ್ದೆವು. ಗಿಡ್ಡ ಆಳು, ದಪ್ಪ ಕುತ್ತಿಗೆ. ಹಣೆಯ ವಿಭೂತಿ ಬೆಳಿಗ್ಗೆ ಮೂರೆಳೆಯಾಗಿ ಬೆಳ್ಳಗಿರುತ್ತಿತ್ತು, ಊಟದ ಹೊತ್ತಿಗೆ ಬೆವರು, ಗ್ರೀಸು ಕಲೆತು ಹುಬ್ಬಿಗೆ ಇಳಿದಿರುತ್ತಿತ್ತು. ಕೆಲಸ ಕಲಿತದ್ದು ಯಾವುದೋ ಕಲ್ಲುಕ್ವಾರಿಯ ಗಾಡಿಗಳಲ್ಲಂತೆ. ಅಲ್ಲಿ ತನ್ನ ಮೇಲಿನವನೊಬ್ಬನ ಮೂಗು ಒಡೆದು, ಅದೇ ದಿನ ಚೀಲ ಹೊತ್ತು ಮಸ್ಕಿಗೆ ಬಂದರೆಂದು ಜನ ಹೇಳುತ್ತಿದ್ದರು. ಅವರೂ ಅದನ್ನು ಅಲ್ಲಗಳೆಯುತ್ತಿರಲಿಲ್ಲ.

ನಾನಾಗ ಸಿಂಧನೂರಿನಲ್ಲಿ ಕರೆಂಟು ಕಂಬದ ಗುತ್ತಿಗೆದಾರನೊಬ್ಬನ ಫೋರ್‌ವೀಲ್ ಜೀಪು ಓಡಿಸುತ್ತಿದ್ದೆ. ಗಾಳಿಮಳೆಗೆ ಬೀಳುವ ಕಂಬಗಳು ನಮ್ಮ ಅನುಕೂಲ ನೋಡಿ ರಸ್ತೆಯ ಪಕ್ಕದಲ್ಲಿ ಬೀಳುವುದಿಲ್ಲ, ಭತ್ತದ ಗದ್ದೆಯ ನಟ್ಟನಡುವೆ ಬೀಳುತ್ತವೆ. ಎರೆಮಣ್ಣಿನ ಕೆಸರಿನಲ್ಲಿ ಜೀಪಿನ ಒಂದು ಗಾಲಿ ನಿಂತಲ್ಲೇ ಗಿರಗಿರ ತಿರುಗಿದರೆ ಇನ್ನೊಂದು ಸುಮ್ಮನೆ ನಿಂತುಬಿಡುತ್ತದೆ. ಅಂಥ ಹೊತ್ತಿಗೆಂದೇ ಡಿಫರೆನ್ಷಿಯಲ್ ಲಾಕ್ ಇರುವುದು. ಹಿಂದಿನ ಎರಡು ಗಾಲಿಗಳ ನಡುವೆ ಅಚ್ಚಿನಲ್ಲಿ ಗುಂಡಗೆ ಉಬ್ಬಿದ ಭಾಗ ಇರುತ್ತದಲ್ಲ, ಅದೇ ಡಿಫರೆನ್ಷಿಯಲ್, ಅದರೊಳಗೆ ಈ ಲಾಕ್. ಗುಂಡಿ ಒತ್ತಿದರೆ ಎರಡೂ ಗಾಲಿ ಒಂದೇ ಆಗಿ ತಿರುಗಿ ಗಾಡಿ ಕೆಸರಿನಿಂದ ಎದ್ದು ಬರುತ್ತದೆ. ಆದರೆ ಡಾಂಬರು ರಸ್ತೆಗೆ ಬಂದ ಮೇಲೆ ಲಾಕ್ ಬಿಡಲೇಬೇಕು. ಬಿಡದಿದ್ದರೆ ತಿರುವಿನಲ್ಲಿ ಸ್ಟೇರಿಂಗ್ ಎತ್ತ ತಿರುಗಿಸಿದರೂ ಗಾಡಿ ನೆಟ್ಟಗೇ ನುಗ್ಗುತ್ತದೆ. ಬಿಡುವ ಗುಂಡಿ ಒತ್ತಿದರೂ ಲಾಕ್ ಒಮ್ಮೊಮ್ಮೆ ಕಚ್ಚಿಕೊಂಡೇ ಇರುತ್ತದೆ. ಅದು ಬಿದ್ದಿದೆಯೋ ಬಿಟ್ಟಿದೆಯೋ ಎಂದು ಹೇಳುವುದಕ್ಕೆ ಅಲ್ಲೊಂದು ಹೆಬ್ಬೆರಳಿನಷ್ಟು ಸೆನ್ಸರ್, ಅದರಿಂದ ಒಂದು ಸಣ್ಣ ವೈರು, ಡ್ರೈವರಿನ ಮುಂದೆ ಒಂದು ದೀಪ. ದೀಪ ಉರಿದರೆ ಲಾಕ್ ಬಿದ್ದಿದೆ, ಆರಿದರೆ ಬಿಟ್ಟಿದೆ.

ಆ ಸೆನ್ಸರನ್ನು ಮೇಸ್ತ್ರಿ ಖಬರು ಎನ್ನುತ್ತಿದ್ದರು. ನಮ್ಮ ಕಡೆ ಖಬರು ಎಂದರೆ ಸುದ್ದಿಯೂ ಹೌದು, ಎಚ್ಚರವೂ ಹೌದು. ಗಾಡಿಯ ಖಬರು ಹೋಗಿದೆ ಎನ್ನುವರು, ಅದನ್ನು ಕೆಡಿಸಿಕೊಂಡು ಬಂದ ಡ್ರೈವರನ್ನು ಖಬರಗೇಡಿ ಎನ್ನುವರು. ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ಎಂಜಿನ್ ಬಿಚ್ಚುವವರು ಬೇಕಾದಷ್ಟು ಜನ ಇದ್ದರು, ಆದರೆ ಈ ಹೆಬ್ಬೆರಳಿನಷ್ಟರ ಸಾಮಾನನ್ನು ಸರಿಮಾಡುವವರು ಅವರೊಬ್ಬರೇ. ಹಾಗಾಗಿ ಏಟು ತಿಂದವರೂ ಮತ್ತೆ ಅಲ್ಲಿಗೇ ಹೋಗುತ್ತಿದ್ದೆವು.

ನನ್ನ ಮೊದಲ ಏಟಿಗೆ ಕಾರಣ ಹಾಲಿನ ಪಾಕೀಟು. ದೀಪ ಮಿಣಮಿಣ ಎನ್ನತೊಡಗಿತ್ತು. ಸೆನ್ಸರಿಗೆ ಕೆಸರುನೀರು ಹೋಗುತ್ತಿದೆ ಎಂದುಕೊಂಡು ಖಾಲಿ ಹಾಲಿನ ಪಾಕೀಟನ್ನು ಅದಕ್ಕೆ ಸುತ್ತಿ, ರಬ್ಬರು ಹಾಕಿ ಬಿಗಿದಿದ್ದೆ. ಮೇಸ್ತ್ರಿ ಜೀಪಿನ ಕೆಳಗೆ ಮಲಗಿ ಅದನ್ನು ಬಿಚ್ಚಿದರು. ಒಳಗಿನ ನೀರು ಅವರ ಮುಖದ ಮೇಲೇ ಸುರಿಯಿತು. ಹೊರಗೆ ತೆವಳಿ ಬಂದು, ಎದ್ದು ನಿಂತು, ಕೆನ್ನೆಗೆ ಬಾರಿಸಿದರು. ಆಮೇಲೆ ಕೇಳಿದರು.

"ನೀರು ಒಳಗ ಬರಬಾರ್ದಂತ ಕಟ್ಟೀಯೋ, ಒಳಗಿದ್ದದ್ದು ಹೊರಗ ಹೋಗಬಾರ್ದಂತ ಕಟ್ಟೀಯೋ?"

ಕಣ್ಣಿನ ಮುಂದೆ ಕತ್ತಲೆ ಕವಿದಿತ್ತು. ಆದರೂ ಅವರು ಆಮೇಲೆ ಮಾಡಿದ್ದನ್ನು ನೋಡಿದೆ. ಸೆನ್ಸರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದರು. ಹಸಿರುಗಟ್ಟಿದ ಪಿನ್ನುಗಳನ್ನು ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜಿದರು. ಸವೆದ ರಬ್ಬರ್ ಸೀಲು ಬದಲಿಸಿ, ವೈರಿಗೆ ಸೈಕಲ್ ಟ್ಯೂಬಿನ ಅಂಗಿ ತೊಡಿಸಿ, ಅಚ್ಚಿನ ಮೇಲ್ಬದಿಯಿಂದ ಬ್ರೇಕಿನ ಪೈಪಿಗೆ ಜೋಡಿಸಿ ತಂದರು. ಅಚ್ಚು ಮೇಲೆ ಕೆಳಗೆ ಕುಣಿದಾಗ ವೈರು ಜಗ್ಗದಿರಲೆಂದು ನಡುವೆ ಸ್ವಲ್ಪ ಸಡಿಲ ಬಿಟ್ಟರು. ಕೊನೆಗೆ ದೀಪ ನೋಡಲಿಲ್ಲ. ಹಿಂದಿನ ಗಾಲಿಗಳನ್ನು ಜಾಕಿಯ ಮೇಲೆ ಎತ್ತಿ, ಒಂದನ್ನು ಕೈಯಿಂದ ತಿರುಗಿಸಿ, ಇನ್ನೊಂದು ಯಾವ ಕಡೆ ತಿರುಗುತ್ತದೆಂದು ನನಗೆ ತೋರಿಸಿದರು. ಎದುರು ದಿಕ್ಕಿಗೆ ತಿರುಗಿದರೆ ಲಾಕ್ ಬಿಟ್ಟಿದೆ, ಜೊತೆಗೇ ತಿರುಗಿದರೆ ಬಿಟ್ಟಿಲ್ಲ. ಕೆನ್ನೆ ಉರಿಯುತ್ತಿದ್ದರೂ ಪಾಠ ಮರೆಯಲಿಲ್ಲ.

ಇನ್ನೊಮ್ಮೆ ಒಬ್ಬ ಭಾರೀ ಜಮೀನಿನ ರೈತ ತನ್ನ ಹೊಸ ಗಾಡಿ ತಂದ. ಅದರ ದೀಪ ಆರುತ್ತಲೇ ಇರಲಿಲ್ಲ, ಜೊತೆಗೆ ಪೀಂಪೀಂ ಸದ್ದು. ಬಿಚ್ಚಿ ನೋಡುವಷ್ಟು ಪುರಸೊತ್ತಿಲ್ಲ, ವೈರು ಕತ್ತರಿಸಿ ಆ ಕಿರಿಕಿರಿ ನಿಲ್ಲಿಸು ಎಂದ. ಮೇಸ್ತ್ರಿ ಆಗುವುದಿಲ್ಲ ಎಂದರು. ಅವನು ತಾನೇ ಕಟಿಂಗ್ ಪ್ಲೇಯರ್ ಎತ್ತಿಕೊಂಡು ಬಗ್ಗಿದ. ಮೇಸ್ತ್ರಿ ಕೈಯಲ್ಲಿದ್ದ, ನಟ್ಟು ಬಿಚ್ಚುವ ದೊಡ್ಡ ಪಾನಾವನ್ನು ಅವನ ಹೆಗಲಿಗೆ ಬೀಸಿದರು. ಎಲುಬು ಮುರಿದ ಸದ್ದು ರಸ್ತೆಯಾಚೆ ಚಹಾದಂಗಡಿಗೂ ಕೇಳಿಸಿತು. ಎರಡು ದಿನ ಪೊಲೀಸ್ ಠಾಣೆಯಲ್ಲಿದ್ದು, ಅಲ್ಲಿ ತಾವೂ ಒದೆ ತಿಂದು ಬಂದರು. ಮೂರನೆಯ ದಿನ ಊದಿದ ಮುಖದಲ್ಲೇ ಶೆಡ್ಡು ತೆರೆದರು.

ಇಷ್ಟಕ್ಕೇ ನಿಲ್ಲಿಸಿದರೆ ಓದುವವರು ನಕ್ಕು, ಸಿಟ್ಟಿನ ಮೇಸ್ತ್ರಿ, ಕೆಲಸದಲ್ಲಿ ನಿಯತ್ತಿನವನು ಎಂದು ಮೆಚ್ಚಿಕೊಂಡಾರು. ನಾವು ಡ್ರೈವರುಗಳೂ ಹಾಗೇ ನಗುತ್ತಿದ್ದೆವು. ಅವರ ಹೆಂಡತಿ ಶೆಡ್ಡಿಗೆ ಬುತ್ತಿ ತರುತ್ತಿದ್ದರು. ಮಾತಾಡಿಸಿದರೆ ಮುಖ ತಿರುಗಿಸಿ ಬಲಗಿವಿ ಒಡ್ಡುತ್ತಿದ್ದರು. ಒಮ್ಮೆ ನಾನು, ಕಿವಿಗೆ ಏನಾದರೂ ಕಾಯಿಲೆಯೇನಮ್ಮ, ರಾಯಚೂರಿಗೆ ತೋರಿಸಬಾರದೇ ಎಂದು ಕೇಳಿದೆ.

"ಕಾಯಿಲಿ ಅಲ್ಲಪಾ, ಅವರ ಕೈ" ಎಂದು ಬುತ್ತಿ ಬಿಚ್ಚತೊಡಗಿದರು.

ಅಂದಿನಿಂದ ಅವರ ಹೊಡೆತದ ಕತೆಗಳನ್ನು ಹೇಳಿ ನಗಿಸುವುದು ನನ್ನಿಂದಾಗಲಿಲ್ಲ. ಆದರೆ ಶೆಡ್ಡಿಗೆ ಹೋಗುವುದನ್ನೂ ಬಿಡಲಿಲ್ಲ.

ಈಗ ಹುರಿಯ ವಿಷಯ. ನಮ್ಮೂರು ಸಂತೆಕಲ್ಲೂರು. ಮನೆಯಲ್ಲಿ ಕುರಿಗಳಿದ್ದವು. ಅವ್ವ ಕರಿ ಉಣ್ಣೆಯನ್ನು ತಾನೇ ನೂತು ಹುರಿ ಹೊಸೆಯುತ್ತಿದ್ದಳು. ಪ್ರತಿ ಅಮಾವಾಸ್ಯೆಗೆ ನನ್ನ ಗಾಡಿಗೆ ಹೊಸ ಹುರಿ, ಅದರಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ, ಒಂದು ಕೇರುಬೀಜ. ದೃಷ್ಟಿ ತಾಕದಿರಲೆಂದು ಎಲ್ಲರೂ ಅದನ್ನು ಗಾಡಿಯ ಮುಂದೆ ಕಟ್ಟುತ್ತಾರೆ. ಆದರೆ ನಮ್ಮ ಗುತ್ತಿಗೆದಾರ, ಗಾಡಿಗೆ ಅಂಥದ್ದೇನಾದರೂ ಕಂಡರೆ ಕೆಲಸದಿಂದ ತೆಗೆಯುತ್ತೇನೆಂದು ಹೇಳಿದ್ದ. ನಾವು ಬಿಡುವವರೇ? ಅವನ ಕಣ್ಣಿಗೆ ಕಾಣದ ಹಾಗೆ ಜೀಪಿನ ಕೆಳಗೆ, ಹಿಂದಿನ ಅಚ್ಚಿಗೆ ಕಟ್ಟತೊಡಗಿದೆವು, ನಮ್ಮನ್ನು ನೋಡಿ ಬೇರೆ ಡ್ರೈವರುಗಳೂ ಅದನ್ನು ಕಲಿತರು. ಡಿಫರೆನ್ಷಿಯಲಿನ ಮೂತಿಯ ಹತ್ತಿರ ಗಂಟು ಕೂರುವುದಕ್ಕೆ ಒಳ್ಳೆಯ ಜಾಗ ಇರುತ್ತದೆ. ಎಂಜಿನ್ನಿನಿಂದ ಬರುವ ಶಾಫ್ಟು ತಿರುಗುವುದು ಅಲ್ಲೇ, ಸೆನ್ಸರಿನ ವೈರು ಹೋಗುವುದೂ ಅಲ್ಲೇ.

ಮೇಸ್ತ್ರಿ ಗಾಡಿಯ ಕೆಳಗೆ ಹೋದ ಕೂಡಲೇ ಮೊದಲು ಹುರಿಯನ್ನು ಕೊಯ್ದು ಎಸೆಯುತ್ತಿದ್ದರು. ಉಣ್ಣೆಯ ಹುರಿ ಕೆಸರಿನಲ್ಲಿ ನೆಂದರೆ ಕೊಳೆಯುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ಅದರ ತುದಿ ಶಾಫ್ಟಿಗೆ ಸಿಕ್ಕಿ ಸುತ್ತಿಕೊಂಡರೆ ವೈರನ್ನು ಬೇರುಸಹಿತ ಕೀಳುತ್ತದೆ ಎಂದು ಎಲ್ಲರಿಗೂ ಹೇಳುತ್ತಿದ್ದರು. ಹೇಳುತ್ತಿದ್ದರು ಎಂದರೆ ಬೈಯುತ್ತಿದ್ದರು. ಎಷ್ಟೋ ಡ್ರೈವರುಗಳು ಅಪಶಕುನ ಎಂದು ಜಗಳಕ್ಕೆ ನಿಂತು ಏಟು ತಿಂದಿದ್ದರು.

ನನ್ನ ಸರದಿಯೂ ಬಂತು. ಅವ್ವ ಕಾಯಿಲೆಯಿಂದ ಎದ್ದ ಕೂಡಲೇ ಹೊಸೆದುಕೊಟ್ಟ ಹುರಿ ಅದು. ಮೇಸ್ತ್ರಿ ಅದನ್ನು ಕೊಯ್ದು ಚರಂಡಿಗೆ ಎಸೆದರು. ನಮ್ಮವ್ವ ನೂತದ್ದು ಎಂದೆ.

"ನಿಮ್ಮವ್ವ ನೂತಿದ್ದಾದ್ರ ನಿನ್ನ ಕುತ್ತಿಗಿಗೆ ಕಟ್ಕೋ. ಇಲ್ಲಿ ತಿರುಗೋದು ಶಾಫ್ಟು. ಅದಕ್ಕ ಯಾರವ್ವನ ಗುರುತೂ ಇಲ್ಲ."

ನಾನು ಅವರ ಕೊರಳಪಟ್ಟಿಗೆ ಕೈಹಾಕಿದೆ. ಅವರು ಸ್ಕ್ರೂಡ್ರೈವರಿನ ಹಿಡಿಯಿಂದ ನನ್ನ ಬಾಯಿಗೆ ಗುದ್ದಿದರು. ತುಟಿ ಸೀಳಿ, ಮುಂದಿನ ಹಲ್ಲೊಂದು ನಾಲಗೆಯ ಮೇಲೆ ಬಿತ್ತು. ಉಗುಳಿದೆ. ಅವರು ಒಂದು ಚೊಂಬು ನೀರು ನನ್ನ ಮುಂದೆ ಇಟ್ಟು ಮತ್ತೆ ಕೆಳಗೆ ಹೋದರು. ಹಳೆಯ ನೇಗಿಲಿನ ಉಕ್ಕಿನ ಪಟ್ಟಿಯನ್ನು ಕಾಸಿ, ಬಗ್ಗಿಸಿ, ಸೆನ್ಸರಿಗೆ ಕಲ್ಲು, ಕೊಯ್ದ ಭತ್ತದ ಕೂಳೆ ತಾಗದಂತೆ ಒಂದು ಮರೆ ಮಾಡಿ ಕೂರಿಸಿದರು. ಕೆಸರು ನಿಲ್ಲದೆ ಉದುರಿಹೋಗಲೆಂದು ಅದರ ಕೆಳಗೆ ಎರಡು ತೂತು ಕೊರೆದರು. ನಾನು ರಕ್ತ ಉಗುಳುತ್ತ ಕೂತಿದ್ದೆ. ಅವರ ಮೇಲೆ ಅಷ್ಟು ದ್ವೇಷ ಹಿಂದೆಂದೂ ಬಂದಿರಲಿಲ್ಲ.

ನಾಲ್ಕು ದಿನಕ್ಕೆ ಅಮಾವಾಸ್ಯೆ. ಅವ್ವ ನನ್ನ ಬಾಯಿ ನೋಡಿದಳು. "ಹುರಿ ಇಲ್ಲದ್ದಕ್ಕ ಹಲ್ಲು ಹೋತು ನೋಡು" ಎಂದು ಮತ್ತೊಂದು ಹುರಿ ಕೊಟ್ಟಳು, ಮೊದಲಿನದಕ್ಕಿಂತ ಉದ್ದದ್ದು. ಕಟ್ಟಿದೆ. ಅವ್ವನ ಮೇಲಿನ ಪ್ರೀತಿಗೆ ಕಟ್ಟಿದೆ ಎಂದರೆ ಅರ್ಧ ಸುಳ್ಳಾಗುತ್ತದೆ. ಮೇಸ್ತ್ರಿಯ ಮೇಲಿನ ಹಟಕ್ಕೆ, ಅವರೇ ಮಾಡಿದ ಮರೆಯ ಪಕ್ಕದಲ್ಲೇ ಕಟ್ಟಿದೆ.

ಮರುದಿನವೇ ಮುಕ್ಕುಂದದ ಕಡೆ ಕಂಬ ಬಿದ್ದಿತ್ತು. ನನ್ನ ಪಕ್ಕದಲ್ಲಿ ಲೈನ್‌ಮನ್ ಹನುಮೇಶ ಕೂತಿದ್ದ. ಸಾಲಗುಂದದ ಹುಡುಗಾಟದ ಮನುಷ್ಯ, ಕಂಬ ಹತ್ತುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕೆಲಸ ಮುಗಿಸಿ ಗದ್ದೆಯಿಂದ ಹೊರಬರುವಾಗ ಲಾಕ್ ಹಾಕಿದೆ, ದೀಪ ಉರಿಯಿತು. ಕೆಸರಿನ ನಡುವೆ ಕೆಳಗೆಲ್ಲೋ ಪಟ್ ಎಂದಿತು. ಕೂಳೆ ಇರಬೇಕು ಎಂದ ಹನುಮೇಶ. ಬದುವಿಗೆ ಹತ್ತಿ ಲಾಕ್ ಬಿಡುವ ಗುಂಡಿ ಒತ್ತಿ ನೋಡಿದೆ, ದೀಪ ಆರಿತ್ತು. ಆರಿದ್ದು ಗುಂಡಿಯಿಂದ ಅಲ್ಲ, ವೈರು ಕಿತ್ತುಹೋಗಿ. ಲಾಕ್ ಮಾತ್ರ ಒಳಗೆ ಹಾಗೇ ಕಚ್ಚಿಕೊಂಡಿತ್ತು.

ಡಾಂಬರು ನೆಟ್ಟಗಿತ್ತು, ವೇಗ ಹೆಚ್ಚಿಸಿದೆ. ಕಾಲುವೆಯ ಸೇತುವೆಯ ಹತ್ತಿರ ರಸ್ತೆ ಬಲಕ್ಕೆ ತಿರುಗುತ್ತದೆ. ಸ್ಟೇರಿಂಗ್ ತಿರುಗಿಸಿದೆ. ಜೀಪು ತಿರುಗಲಿಲ್ಲ. ನೆಟ್ಟಗೆ ಹೋಗಿ ಸೇತುವೆಯ ಕಟ್ಟೆಗೆ ಬಡಿದು ಎಡಮಗ್ಗುಲಿಗೆ ಉರುಳಿತು. ಹನುಮೇಶನ ಎಡಗಾಲು ಕಟ್ಟೆಗೂ ಜೀಪಿಗೂ ನಡುವೆ ಸಿಕ್ಕಿತು. ಮೊಣಕಾಲಿನ ಕೆಳಗೆ ಮಾಂಸ ಬಿಚ್ಚಿ ಬಿಳಿ ಎಲುಬು ಕಾಣುತ್ತಿತ್ತು. ಅವನು ನನ್ನ ತೋಳು ಕಚ್ಚಿ ಹಿಡಿದದ್ದಕ್ಕೆ ಬಿದ್ದ ಗಾಯದ ಗುರುತು ಇನ್ನೂ ಇದೆ.

ಗದ್ದೆಗಳಿಂದ ಜನ ಓಡಿಬಂದರು. ಹತ್ತು ಜನ ಸೇರಿ ಜೀಪು ನೂಕಿ ನಿಲ್ಲಿಸಿ ಅವನನ್ನು ಎತ್ತಿದರು. ಎತ್ತುವಾಗ ನಾನು ಅವನ ಹತ್ತಿರ ಇರಲಿಲ್ಲ. ಜೀಪಿನ ಕೆಳಗಿದ್ದೆ. ಹುರಿ ಶಾಫ್ಟಿಗೆ ಸುತ್ತಿಕೊಂಡು ವೈರನ್ನು ಕಿತ್ತು ಎಳೆದಿತ್ತು. ಚಾಕುವಿನಿಂದ ಕೊಯ್ದು ಕಾಲುವೆಗೆ ಎಸೆದೆ. ಕೆಲಸ ಹೋಗುತ್ತದೆ, ಕೇಸಾಗುತ್ತದೆ, ಅವ್ವನಿಗೆ ಗೊತ್ತಾಗುತ್ತದೆ ಎಂದು ಹೆದರಿದ್ದೆ. ಮೇಸ್ತ್ರಿಯ ನೆನಪು ಆಗ ಬರಲೇ ಇಲ್ಲ.

ಹನುಮೇಶನ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಅವನ ಮನೆಯವರು ಕೇಳಿದಾಗ ಸೆನ್ಸರಿನ ವೈರು ಕಿತ್ತುಹೋಗಿತ್ತು ಎಂದೆ. ಯಾರ ಕೈಯಲ್ಲಿ ಮಾಡಿಸಿದ್ದೆ ಎಂದರು. ಮಸ್ಕಿಯ ಮೇಸ್ತ್ರಿ, ಐದು ದಿನದ ಹಿಂದೆ ಎಂದೆ. ನನ್ನ ಬಾಯಿಂದ ಬಂದ ಮಾತೆಲ್ಲ ನಿಜವೇ ಆಗಿತ್ತು. ಸಾಲಗುಂದದಿಂದ ಆರು ಜನ ಹೊರಟರು. ಶೆಡ್ಡು ತೋರಿಸುವುದಕ್ಕೆ ನನ್ನನ್ನೂ ಕೂರಿಸಿಕೊಂಡರು.

ಮೇಸ್ತ್ರಿ ಸುಲಭಕ್ಕೆ ಸಿಕ್ಕವರಲ್ಲ. ಜಾಕಿಯ ರಾಡು ಹಿಡಿದು ಒಬ್ಬನ ಮೊಣಕೈ ಮುರಿದರು, ಇನ್ನೊಬ್ಬನ ತಲೆ ಒಡೆದರು. ನಾಲ್ವರು ಮೇಲೆ ಬಿದ್ದು ಕೆಡವಿ ಹೊಟ್ಟೆಗೆ, ಮುಖಕ್ಕೆ ತುಳಿದರು. ಬಾಯಿಯ ತುಂಬ ರಕ್ತ ತುಂಬಿಕೊಂಡೇ ಅವರು ನನ್ನ ಕಡೆ ಬೆರಳು ತೋರಿಸಿದರು.

"ಹುರಿ ಕಟ್ಟಿದ್ನೇನ್ ಕೇಳ್ರಿ ಅವನ್ನ."

ಹನುಮೇಶನ ಅಣ್ಣ ನನ್ನತ್ತ ತಿರುಗಿ ಕಟ್ಟಿದ್ದೆಯಾ ಎಂದು ಕೇಳಿದ. ಎಲ್ಲರೂ ಕೈ ತಡೆದು ನಿಂತರು.

"ಇಲ್ಲ" ಎಂದೆ.

ಅವರ ಬಲಗೈಯನ್ನು ಕಬ್ಬಿಣದ ಅಡಿಗಲ್ಲಿನ ಮೇಲೆ ಒತ್ತಿ ಹಿಡಿದರು. ಸುತ್ತಿಗೆ ಅವರದೇ. ಮೂರು ಏಟಿಗೆ ಬೆರಳುಗಳು ಬೆರಳಿನ ಹಾಗೆ ಕಾಣಲಿಲ್ಲ. ಮೇಸ್ತ್ರಿ ಕೂಗಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಬುತ್ತಿ ಹೊತ್ತು ಬಂದ ಅವರ ಹೆಂಡತಿ ಬಾಗಿಲಲ್ಲಿ ನಿಂತಿದ್ದರು.

ಶೆಡ್ಡು ಮುಚ್ಚಿತು. ಮೇಸ್ತ್ರಿಯ ವೈರು ಕಿತ್ತು ಒಬ್ಬನ ಕಾಲು ಹೋಯಿತೆಂಬ ಮಾತು ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ಎಲ್ಲ ಡ್ರೈವರುಗಳ ಬಾಯಲ್ಲೂ ಹರಿದಾಡಿತು. ಕೈ ಹೋದದ್ದಕ್ಕಿಂತ ಆ ಮಾತು ಅವರನ್ನು ಹೆಚ್ಚು ತಿಂದಿತು ಎಂದು ಆಮೇಲೆ ಕೇಳಿದೆ. ಏಳೆಂಟು ತಿಂಗಳಾದ ಮೇಲೆ ತಡೆಯಲಾರದೆ ಹುಡುಕಿಕೊಂಡು ಹೋದೆ. ಲಿಂಗಸುಗೂರಿನಲ್ಲಿ ಅಳಿಯನ ಪಂಚರ್ ಅಂಗಡಿಯಲ್ಲಿ ಕೂತಿದ್ದರು. ಬಲಗೈಯ ಬೆರಳುಗಳು ಒಣಗಿದ ಶುಂಠಿಯಂತಿದ್ದವು. ಅವರ ಮುಂದೆ ನಿಂತು, ಹುರಿ ಇತ್ತು ಎಂದೆ. ಎಡಗೈಯಲ್ಲಿ ಹೊಡೆದರು. ಅಭ್ಯಾಸವಿಲ್ಲದ ಕೈ, ಅರ್ಧ ಕಿವಿಗೆ ಬಿತ್ತು. ಪೊಲೀಸರಿಗಾದರೂ ಹೇಳಬಹುದಿತ್ತಲ್ಲರೀ, ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಮೂವತ್ತು ವರ್ಷ ಕೈಲೇ ಮಾತಾಡೀನಿ. ಈಗ ಬಾಯಿಲೆ ಹೇಳಿದ್ರ ಯಾರ್ ಕೇಳ್ತಾರ? ಅವತ್ತು ಅವ್ರು ನಿನ್ನ ಕೇಳಿದ್ರು. ನೀ ಹೇಳ್ಬೇಕಿತ್ತು."

ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ. ಹೇಳಲಿಲ್ಲ. ಇವತ್ತು, ನಾಳೆ ಎನ್ನುತ್ತ ಎರಡು ವರ್ಷ ಕಳೆದೆ. ಅವ್ವ ತೀರಿಕೊಂಡಳು, ಗುತ್ತಿಗೆದಾರನ ಕೆಲಸವನ್ನು ನಾನೇ ಬಿಟ್ಟೆ. ಹೆದರುವುದಕ್ಕೆ ಕಾರಣಗಳೆಲ್ಲ ಒಂದೊಂದಾಗಿ ತೀರಿದವು, ಹೆದರಿಕೆ ತೀರಲಿಲ್ಲ. ಹೋದ ತಿಂಗಳು ಮೇಸ್ತ್ರಿಯನ್ನು ಮಣ್ಣು ಮಾಡುವಾಗ ಹೋಗಿದ್ದೆ. ಬಂದವರು ಹನ್ನೆರಡು ಜನ. ಅವರ ಕೈಯಲ್ಲಿ ಗಾಡಿ ರಿಪೇರಿ ಮಾಡಿಸಿಕೊಂಡ ಡ್ರೈವರ್ ನಾನೊಬ್ಬನೇ. ಹಿಂದೆ ನಿಂತಿದ್ದ ಯಾರೋ, ಒಬ್ಬನ ಕಾಲು ತಿಂದ ಕೈ ಅದು ಎಂದರು. ಅವರ ಹೆಂಡತಿ ಆ ಮಾತು ಬಂದ ಕಡೆಗೆ ಬಲಗಿವಿ ತಿರುಗಿಸಿ ಕೇಳಿಸಿಕೊಂಡರು. ಅಲ್ಲಿಂದ ನೆಟ್ಟಗೆ ಸಾಲಗುಂದಕ್ಕೆ ಹೋದೆ.

ಹನುಮೇಶ ಈಗ ಹಿಟ್ಟಿನ ಗಿರಣಿ ಇಟ್ಟಿದ್ದಾನೆ. ಕಟ್ಟಿಗೆಯ ಕಾಲಿನ ಮೇಲೆ ನಿಂತು ಜೋಳ ಸುರಿಯುತ್ತಿದ್ದ. ನನ್ನನ್ನು ಕಂಡು ನಕ್ಕ. ಗಿರಣಿಯ ಸದ್ದಿಗೆ ನನ್ನ ಮಾತು ಕೇಳಿಸದೆ ಬಂದ್ ಮಾಡಿದ. ಮೇಸ್ತ್ರಿ ಹೋದರು ಎಂದೆ. ಹೋಗಲಿ ಬಿಡು, ಪಾಪದ ಮನುಷ್ಯ ಎಂದ. ಆಗ ಎಲ್ಲ ಹೇಳಿದೆ. ಹುರಿ ಕಟ್ಟಿದ್ದು, ಅವನನ್ನು ಎತ್ತುವಾಗ ಜೀಪಿನ ಕೆಳಗೆ ಹೋಗಿ ಕೊಯ್ದದ್ದು, ಶೆಡ್ಡಿನಲ್ಲಿ ಇಲ್ಲ ಎಂದದ್ದು. ಅವನ ಊರುಗೋಲು ಕೈಗೆ ಎಟುಕುವಷ್ಟು ಹತ್ತಿರವೇ ಇತ್ತು. ಹೊಡಿ ಎಂದು ನಾನೇ ಕೇಳಿಕೊಂಡೆ. ಅವನು ಅದನ್ನು ಮುಟ್ಟಲಿಲ್ಲ. ಜೋಳದ ಚೀಲದ ಮೇಲೆ ಕೂತ.

"ಬಲಗೈಗೆ ಹೊಡೀರಿ ಅಂದಾವ ನಾನ. ದವಾಖಾನಿ ಮಂಚದ ಮ್ಯಾಲಿಂದ ಅಣ್ಣಗ ಫೋನ್ ಹಚ್ಚಿ ಹೇಳೀನಿ. ಇನ್ನೊಮ್ಮೆ ಪಾನಾ ಹಿಡೀಬಾರ್ದು, ಹಂಗ ಹೊಡೀರಿ ಅಂತ."

ನಾನು ಅವನ ಮುಂದೆ ನೆಲಕ್ಕೆ ಕೂತು ಕಾಲು ಹಿಡಿದೆ. ಅವನು ನನ್ನ ಕೈ ತನ್ನ ಕಾಲಿನಿಂದ ಸರಿಸಿದ.

"ನಿನ್ನ ಕೆಲಸ ನೀ ಮುಗಿಸ್ಕೊಂಡಿ, ಏಳು. ಅವ ಇದ್ದಾಗ ಹೇಳಿದ್ರ ನಾ ಇದೊಂದು ಕಾಲಿಲೆ ಕುಂಟ್ಕೋತ ಹೋಗಿ ಬೀಳ್ತಿದ್ನಲ್ಲೋ. ಈಗ ನಾ ಯಾರ ಕಾಲಿಗೆ ಬೀಳ್ಲಿ?"